ಚಿಕ್ಕ ಕುದುರೆ, ದೊಡ್ಡ ಸವಾರ

ಕುದುರೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎತ್ತರ. ದೇವಾಲಯದ ಮಂಟಪದಲ್ಲಿ ಮುಂಗಾಲೆತ್ತಿ ನಿಂತ ಕಲ್ಲಿನ ಕುದುರೆ, ಊರ ಚೌಕದಲ್ಲಿ ಖಡ್ಗಧಾರಿಯನ್ನು ಹೊತ್ತ ಕಂಚಿನ ಕುದುರೆ, ದಸರೆಯ ಮೆರವಣಿಗೆಯಲ್ಲಿ ಹೆಜ್ಜೆಯಿಡುವ ಅಶ್ವದಳದ ಕುದುರೆ, ಇವೆಲ್ಲವೂ ನಾವು ಕತ್ತೆತ್ತಿ ನೋಡಬೇಕಾದವು. ತಟ್ಟುಕುದುರೆಗೆ ನಮ್ಮ ಕಲ್ಪನೆಯಲ್ಲಿ ಅಂತಹ ಪದವಿಯಿಲ್ಲ. ಅದು ಜಟಕಾ ಎಳೆಯುವ ಬಡಪ್ರಾಣಿ. ಇಲ್ಲವೆ ಗಿರಿಧಾಮದ ಕೆರೆಯ ದಂಡೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹೊಡೆಯುವ ಆಟದ ಸಾಮಾನು. ಮೀಸೆ ಹೊತ್ತ ಗಂಡಸೊಬ್ಬನು ತಟ್ಟುವಿನ ಮೇಲೆ ಕುಳಿತನೆಂದರೆ ನಮಗೆ ನಗೆ ಬರುತ್ತದೆ. ಕಾಲು ನೆಲಕ್ಕೆ ತಾಗುವುದಲ್ಲಾ ಎನ್ನುತ್ತೇವೆ.

ಆದರೆ ಈ ನಗೆ ಸರ್ವತ್ರ ಸಲ್ಲುವಂತಹುದಲ್ಲ. ಐರ್ಲೆಂಡಿನ ಪಶ್ಚಿಮ ತೀರದಲ್ಲಿ, ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ, ವೇಲ್ಸಿನ ಕಣಿವೆಗಳಲ್ಲಿ, ಉತ್ತರ ಇಂಗ್ಲೆಂಡಿನ ಗುಡ್ಡಗಳಲ್ಲಿ ಬೆಳೆದ ಗಂಡಸರೂ ಹೆಂಗಸರೂ ಶತಮಾನಗಳಿಂದ ಪೋನಿಗಳನ್ನೇ ಏರಿ ನಡೆದಿದ್ದಾರೆ. ಅವು ಪೋನಿಗಳಲ್ಲಿ ದೊಡ್ಡವು, ಕುದುರೆಗಳಲ್ಲಿ ಚಿಕ್ಕವು. ಇಂತಹ ದೊಡ್ಡ ಪೋನಿಯನ್ನು ಹೇಗೆ ಆರಿಸುತ್ತಾರೆ, ಹೇಗೆ ತಳಿಯೆಬ್ಬಿಸುತ್ತಾರೆ ಎಂಬುದು ಈ ವಾರದ ವಿಷಯ. ನಮ್ಮಲ್ಲಿ ಕುದುರೆ ಕೊಳ್ಳುವವರೆಷ್ಟು ಮಂದಿ ಎಂದು ಓದುಗರು ಕೇಳಬಹುದು. ಕೊಳ್ಳುವವರು ಕಡಿಮೆಯೇ. ಆದರೂ ‘ದೊಡ್ಡದಾಗಬೇಕು’ ಎಂಬ ಆಸೆ ಒಂದು ಒಳ್ಳೆಯ ಜೀವವನ್ನು ಹೇಗೆ ಕೆಡಿಸಬಲ್ಲುದು, ಹೇಗೆ ಕಾಪಾಡಲೂ ಬಲ್ಲುದು ಎಂಬುದನ್ನು ತಿಳಿಯಲು ಲಾಯದ ಒಡೆಯರೇ ಆಗಬೇಕೆಂದಿಲ್ಲ.

ಮೊದಲು ಅಳತೆಯ ಮಾತು. ಕುದುರೆಯ ಎತ್ತರವನ್ನು ತಲೆಯವರೆಗೆ ಅಳೆಯುವುದಿಲ್ಲ; ಕತ್ತು ಬೆನ್ನಿಗೆ ಕೂಡುವೆಡೆಯ ಉಬ್ಬಿನವರೆಗೆ ಅಳೆಯುತ್ತಾರೆ. ಇಂಗ್ಲಿಷ್ ರೂಢಿಯಲ್ಲಿ ಅಳತೆಯ ಮಾನ ಒಂದು ‘ಕೈ’, ಎಂದರೆ ಅಂಗೈಯ ಅಗಲ, 4 ಅಂಗುಲ. 14 ಕೈ 2 ಅಂಗುಲದವರೆಗೆ ಬೆಳೆದು ನಿಂತದ್ದು ಪೋನಿ. ಅದನ್ನು ಮೀರಿದ್ದು ಕುದುರೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇದನ್ನು ಲಾಳವಿಲ್ಲದೆ 148 ಸೆಂಟಿಮೀಟರ್ ಎಂದು ಗೊತ್ತುಮಾಡಿದ್ದಾರೆ. ಹೀಗೆ 148ಕ್ಕೆ ಪೋನಿಯಾದದ್ದು 149ಕ್ಕೆ ಕುದುರೆಯಾಗುತ್ತದೆ. ಪರೀಕ್ಷೆಯಲ್ಲಿ 35 ಅಂಕ ಬಂದವನು ಜಾಣ, 34 ಬಂದವನು ದಡ್ಡ ಎಂದಂತೆ ಇದೂ ಒಂದು ಗೆರೆ. ವ್ಯವಹಾರಕ್ಕೆ ಬೇಕಾದದ್ದು, ಸತ್ಯಕ್ಕೆ ಸಾಲದ್ದು.

ಈ ಗೆರೆಯನ್ನು ಬಳಕೆಯೇ ಎರಡು ಕಡೆ ದಾಟಿದೆ. ಪೋಲೋ ಆಟದಲ್ಲಿ ಒಂದು ಕಾಲಕ್ಕೆ ಎತ್ತರದ ಮಿತಿಯಿತ್ತು; ಮೊದಲನೆಯ ಮಹಾಯುದ್ಧದ ಅನಂತರ ಅದು ಹೋಯಿತು. ಇಂದು ಆಡುವ ಕುದುರೆಗಳಲ್ಲಿ ಹಲವು ಮಿತಿಗಿಂತ ಎತ್ತರವಾದವು. ಆದರೂ ಅವುಗಳ ಹೆಸರು ‘ಪೋಲೋ ಪೋನಿ’. ಇತ್ತ ಐಸ್‌ಲೆಂಡಿನವರ ಕುದುರೆ ಸಾಮಾನ್ಯವಾಗಿ 13, 14 ಕೈಗಳಷ್ಟೇ ಎತ್ತರ. ಅದನ್ನು ಪೋನಿಯೆಂದರೆ ಆ ಜನ ಸಹಿಸುವುದಿಲ್ಲ. ತಮ್ಮ ಪೂರ್ವಜರನ್ನೆಲ್ಲ ಹಿಮದಲ್ಲಿ, ಬೂದಿಯಲ್ಲಿ, ತುಂಬಿದ ಹೊಳೆಗಳಲ್ಲಿ ಹೊತ್ತು ದಾಟಿಸಿದ ಪ್ರಾಣಿಯನ್ನು ಅಳತೆಗೋಲು ತಂದು ಚಿಕ್ಕದು ಮಾಡುವುದು ಅವರಿಗೆ ಒಗ್ಗದು.

ಹಾಗಾದರೆ ಪೋನಿಯ ಲಕ್ಷಣವೇನು? ಎತ್ತರಕ್ಕಿಂತ ಪ್ರಮಾಣ. ಕಾಲು ಗಿಡ್ಡ, ಎದೆಗೂಡು ಆಳ, ಬೆನ್ನು ಅಡಕ, ಸೊಂಟ ಅಗಲ, ಮೊಣಕಾಲ ಕೆಳಗಿನ ಮೂಳೆ ದಪ್ಪ, ಗೊರಸು ಗಟ್ಟಿ. ಬಡ ಹುಲ್ಲಿನಲ್ಲಿ ಬದುಕಿ ಮೈ ತುಂಬಿಕೊಳ್ಳುವ ಶಕ್ತಿ. ಕಲ್ಲು, ಕೆಸರು, ಇಳಿಜಾರುಗಳಲ್ಲಿ ಹೆಜ್ಜೆಯಿಡುವ ಮುನ್ನ ಯೋಚಿಸುವ ಬುದ್ಧಿ. ಒಟ್ಟಿನಲ್ಲಿ, ನೆಲ ಎಷ್ಟು ಕೊಟ್ಟಿತೋ ಅಷ್ಟರಲ್ಲೇ ತನ್ನನ್ನು ಕಟ್ಟಿಕೊಂಡ ಪ್ರಾಣಿ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅದು ಅಕ್ಷರಶಃ ಪಾಲಿಸಿದೆ.

ಎತ್ತರದ ಆಸೆಗೆ ನಮ್ಮ ನಾಡಿನ ಇತಿಹಾಸದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ವಿಜಯನಗರದ ಅರಸರು ಯುದ್ಧಕ್ಕೆ ಬೇಕಾದ ಕುದುರೆಗಳನ್ನು ಸಮುದ್ರದಾಚೆಯಿಂದ ತರಿಸುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ವರ್ತಕ ನೂನಿಜನು ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಅವುಗಳಲ್ಲಿ ಓರ್ಮುಜಿನಿಂದ ಬಂದವೂ ಇದ್ದವು, ನಾಡಕುದುರೆಗಳೂ ಇದ್ದವು. ಸಾಳುವ ನರಸಿಂಹನ ವಿಷಯದಲ್ಲಿ ಅವನು ಹೇಳುವ ಸಂಗತಿ ಇನ್ನೂ ವಿಚಿತ್ರ. ಹಡಗಿನಲ್ಲಿ ಸತ್ತ ಕುದುರೆಗೂ ಅರಸನು ಬೆಲೆ ಕೊಡುತ್ತಿದ್ದನಂತೆ. ವರ್ತಕರು ಅದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತಂತೆ. ಬಾಲಕ್ಕೆ ಬೆಲೆ ಕೊಟ್ಟ ಆ ಅರಸನನ್ನು ಮೂರ್ಖನೆನ್ನಲಾಗದು. ಎದುರಾಳಿಯ ಅಶ್ವದಳ ಎತ್ತರವಾಗಿದ್ದಾಗ ತನ್ನದು ಕುಳ್ಳಾಗಿರುವುದು ಪ್ರಾಣಕ್ಕೆ ಸಂಚಕಾರ. ಆದರೆ ವರ್ಷವರ್ಷವೂ ಹೊರಗಿನಿಂದ ಕೊಂಡ ಎತ್ತರ ನಮ್ಮ ನೆಲದಲ್ಲಿ ಬೇರೂರಲಿಲ್ಲ. ಹಡಗು ಬರುವವರೆಗೆ ಕುದುರೆಯುಂಟು, ಹಡಗು ನಿಂತರೆ ಇಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಕಥೆ ಕನಮಾರಾದ್ದು. ಐರ್ಲೆಂಡಿನ ಗಾಲ್ವೇ ಪ್ರಾಂತದ ಪಡುವಣಕ್ಕೆ, ಅಟ್ಲಾಂಟಿಕ್ ಸಾಗರದ ಅಲೆ ಬಂದು ಬಡಿಯುವಲ್ಲಿ, ಈ ಸೀಮೆಯಿದೆ. ನೆಲ ಬಹುಪಾಲು ಕಲ್ಲು, ಉಳಿದದ್ದು ಜೌಗು. ಗಾಳಿಗೆ ಮರ ನಿಲ್ಲುವುದು ಕಷ್ಟ. ರೈತನಿಗೆ ಎರಡು ಪ್ರಾಣಿಗಳನ್ನು ಸಾಕುವ ಶಕ್ತಿಯಿಲ್ಲ. ಆದುದರಿಂದ ಒಂದೇ ಹೆಣ್ಣು ಪೋನಿ ಎಲ್ಲ ಕೆಲಸವನ್ನೂ ಮಾಡಬೇಕು. ಜೌಗಿನಿಂದ ಕಡಿದ ಉರುವಲು ಮಣ್ಣನ್ನು ಹೊರಬೇಕು, ಹೊಲಕ್ಕೆ ಗೊಬ್ಬರವಾಗಿ ಕಡಲ ಪಾಚಿಯನ್ನು ತರಬೇಕು, ಸಂತೆಗೆ ಗಾಡಿ ಎಳೆಯಬೇಕು, ಭಾನುವಾರ ಮನೆಯವರನ್ನು ಇಗರ್ಜಿಗೆ ಒಯ್ಯಬೇಕು. ಇಷ್ಟರ ನಡುವೆ ವರ್ಷಕ್ಕೊಂದು ಮರಿಯನ್ನೂ ಹಾಕಬೇಕು, ಏಕೆಂದರೆ ಆ ಮರಿಯನ್ನು ಮಾರಿ ಬಂದ ಹಣವೇ ಮನೆಯ ನಗದು. ಇಂತಹ ಮನೆಯಲ್ಲಿ ಬೆಳೆದ ಪೋನಿಗೆ ಮಕ್ಕಳ ಆಟಿಕೆಯಾಗುವ ಬಿಡುವೆಲ್ಲಿ?

1923ರಲ್ಲಿ ಈ ತಳಿಯ ಸಾಕಣೆಗಾರರು ಒಂದು ಸಂಘವನ್ನು ಕಟ್ಟಿದರು. 1926ರಲ್ಲಿ ಅದರ ವಂಶಾವಳಿ ಗ್ರಂಥದ ಮೊದಲ ಸಂಪುಟ ಹೊರಬಂದಿತು. ಆ ಗ್ರಂಥದಲ್ಲಿ ಒಂದನೆಯ ಸಂಖ್ಯೆಯ ಬೀಜದ ಕುದುರೆ ಕ್ಯಾನನ್‌ಬಾಲ್. 1904ರಲ್ಲಿ ಹುಟ್ಟಿದ ಬೂದು ಬಣ್ಣದ್ದು. ವಾರವೆಲ್ಲ ಗಾಡಿಯೆಳೆದು, ಊಟರಾರ್ಡ್ ಊರಿನ ರೈತರ ಪಂದ್ಯವನ್ನು ಸಾಲಾಗಿ 16 ವರ್ಷ ಗೆದ್ದಿತೆಂಬ ಖ್ಯಾತಿ ಅದಕ್ಕಿದೆ. ಅದು ಸತ್ತಾಗ ಊರವರು ಮನುಷ್ಯರಿಗೆ ಮಾಡುವಂತೆಯೇ ಇರುಳೆಲ್ಲ ಜಾಗರಣೆ ಮಾಡಿ, ಬೆಳಗ್ಗೆ ಮಣ್ಣು ಮಾಡಿದರೆಂದು ಹೇಳುತ್ತಾರೆ. ವಂಶಾವಳಿಯಲ್ಲಿ ಮೊದಲ ಸ್ಥಾನ ರಾಜನ ಲಾಯದ ಕುದುರೆಗೆ ಸಲ್ಲದೆ ಗಾಡಿಯ ಕುದುರೆಗೆ ಸಂದದ್ದು ಈ ಕಥೆಯ ಸ್ವಾರಸ್ಯ.

ಮುಂದೆ ಸಂಘದ ಮುಂದೆ ಒಂದು ಇಕ್ಕಟ್ಟು ಬಂದಿತು. ತಳಿಯ ಸಂಖ್ಯೆ ಸ್ವಲ್ಪ. ಹತ್ತಿರದ ರಕ್ತವೇ ಮತ್ತೆ ಮತ್ತೆ ಕೂಡಿದರೆ ದೋಷಗಳು ತಲೆಯೆತ್ತುತ್ತವೆ. ಆದುದರಿಂದ ಆಯ್ದ ಕೆಲವು ಹೊರಗಿನ ಬೀಜದ ಕುದುರೆಗಳನ್ನು ಒಳಗೆ ಬಿಟ್ಟರು. ಪಂದ್ಯದ ಜಾತಿಯಾದ ಥರೋಬ್ರೆಡ್‌ನ ಲಿಟ್ಲ್ ಹೆವನ್ ಒಂದು, ಅರಬ್ಬಿ ಜಾತಿಯ ನಸೀಲ್ ಇನ್ನೊಂದು. ಇವುಗಳಿಂದ ತಳಿಗೆ ನಡಿಗೆಯ ಸೊಬಗೂ ಜಿಗಿತವೂ ಬಂದವು. ಆದರೆ ಬಾಗಿಲನ್ನು ತೆರೆದೇ ಇಟ್ಟಿದ್ದರೆ ಕೆಲವು ತಲೆಮಾರುಗಳಲ್ಲಿ ಎತ್ತರದ, ತೆಳುಕಾಲಿನ, ಓಟದ ಕುದುರೆ ಉಳಿಯುತ್ತಿತ್ತು. ಕಲ್ಲುಸೀಮೆಯ ಪೋನಿ ಹೋಗುತ್ತಿತ್ತು. 1964ರಲ್ಲಿ ಸಂಘವು ವಂಶಾವಳಿಯ ಬಾಗಿಲನ್ನು ಮುಚ್ಚಿತು. ಅಲ್ಲಿಂದೀಚೆಗೆ ತಾಯಿ ತಂದೆಯರಿಬ್ಬರೂ ಗ್ರಂಥದಲ್ಲಿದ್ದರೆ ಮಾತ್ರ ಮರಿಗೆ ಪ್ರವೇಶ. ತೆರೆಯುವುದಕ್ಕೆ ಧೈರ್ಯ ಬೇಕು. ಸಕಾಲದಲ್ಲಿ ಮುಚ್ಚುವುದಕ್ಕೆ ವಿವೇಕ ಬೇಕು.

ಈ ರಕ್ತದ ಶಕ್ತಿಯೆಷ್ಟೆಂಬುದನ್ನು ಲೋಕವು ಕಣ್ಣಾರೆ ಕಂಡದ್ದುಂಟು. ಅದೇ ಲಿಟ್ಲ್ ಹೆವನ್‌ಗೆ ಹುಟ್ಟಿದ ಡಂಡ್ರಮ್ ಎಂಬುದು 15 ಕೈ ಎತ್ತರದ ಪ್ರಾಣಿ. ಸರಕಿನ ಗಾಡಿ ಎಳೆಯುತ್ತಿದ್ದ ಅದನ್ನು ಟಾಮಿ ವೇಡ್ ಎಂಬ ಸವಾರನು ಬೇಲಿ ಜಿಗಿತದ ಸ್ಪರ್ಧೆಗೆ ತಂದು, 1963ರಲ್ಲಿ ಲಂಡನ್ನಿನ ಐದನೆಯ ಜಾರ್ಜ್ ದೊರೆಯ ಚಿನ್ನದ ಬಟ್ಟಲನ್ನು ಗೆದ್ದನು. ಸ್ಟ್ರೋಲರ್ ಎಂಬುದು ಇನ್ನೂ ಚಿಕ್ಕದು. ಥರೋಬ್ರೆಡ್ ಮತ್ತು ಕನಮಾರಾ ಬೆರೆತ ನಿಜವಾದ ಪೋನಿ. ಮೇರಿಯನ್ ಕೋಕ್ಸ್ ಎಂಬ ತರುಣಿ ಅದನ್ನೇರಿ 1967ರಲ್ಲಿ ಹಿಕ್‌ಸ್ಟೆಡ್ ಡರ್ಬಿಯನ್ನು ಗೆದ್ದಳು. ಮರುವರ್ಷ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಬೆಳ್ಳಿಯ ಪದಕ ಪಡೆದಳು. ಸುತ್ತಲಿನ ಕುದುರೆಗಳೆಲ್ಲ ಎತ್ತರವಾದ ದೈತ್ಯಗಳು. ಆ ದೈತ್ಯಗಳ ಅಳತೆಗೆ ಹಾಕಿದ ಬೇಲಿಗಳನ್ನೇ ಪೋನಿಯೂ ಹಾರಬೇಕಾಗಿತ್ತು, ಹಾರಿತು.

ಇಲ್ಲಿ ಓದುಗರಿಗೆ ಒಂದು ಸಂದೇಹ ಬಂದಿರಬಹುದು. ತರುಣಿಯನ್ನು ಹೊತ್ತಿತು, ಸರಿ. ನನ್ನಂತಹ ಮೈಯುಳ್ಳವನನ್ನು ಹೊರುವುದೇ? ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಎತ್ತರದಲ್ಲಿಲ್ಲ, ತೂಕದಲ್ಲಿದೆ. ಸವಾರನೂ ಜೀನು ಮೊದಲಾದ ಸಾಮಗ್ರಿಯೂ ಸೇರಿ ಕುದುರೆಯ ತೂಕದ ಐದರಲ್ಲೊಂದು ಪಾಲನ್ನು ಮೀರಬಾರದೆಂಬುದು ಬಹುಕಾಲದ ರೂಢಿ. 2008ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ವಿಶ್ವವಿದ್ಯಾನಿಲಯದವರು ಇದನ್ನು ಪರೀಕ್ಷಿಸಿದರು. ಎಂಟು ಕುದುರೆಗಳ ಮೇಲೆ ಅವುಗಳ ತೂಕದ ನೂರಕ್ಕೆ 15, 20, 25, 30ರಷ್ಟು ಭಾರ ಹೇರಿ ನಡೆಸಿ ಓಡಿಸಿ ನೋಡಿದಾಗ, 25ಕ್ಕೆ ಏರಿದ ಮೇಲೆ ಸ್ನಾಯುಗಳ ನೋವೂ ಬಿಗಿತವೂ ಹೆಚ್ಚುತ್ತ ಬಂದವು. ಅದೇ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ತಿಳಿಯಿತು: ಸೊಂಟ ಅಗಲವಾಗಿ, ಕಾಲಿನ ಮೂಳೆ ದಪ್ಪವಾಗಿದ್ದ ಕುದುರೆಗಳಿಗೆ ನೋವು ಕಡಿಮೆ. ಇವೆರಡೂ ಒಳ್ಳೆಯ ಪೋನಿಯ ಲಕ್ಷಣಗಳೆಂದು ಮೇಲೆ ಹೇಳಿದೆನಷ್ಟೆ. ಬೆಟ್ಟದ ರೈತನು ಕಣ್ಣಿನಿಂದ ಕಂಡುಕೊಂಡದ್ದನ್ನು ವಿಜ್ಞಾನಿ ಅಳತೆಪಟ್ಟಿಯಿಂದ ಒಪ್ಪಿಕೊಂಡಂತಾಯಿತು.

ಲೆಕ್ಕ ಹಾಕೋಣ. ಮೈತುಂಬಿದ ದೊಡ್ಡ ಪೋನಿಯೊಂದು 400 ಕಿಲೋ ತೂಗಿದರೆ ಅದರ ಐದನೆಯ ಪಾಲು 80 ಕಿಲೋ. ಜೀನು, ಲಗಾಮು, ಬೂಟುಗಳಿಗೆ 10 ಕಿಲೋ ಕಳೆದರೆ 70 ಕಿಲೋ ತೂಗುವ ಮನುಷ್ಯನು ಸಂಕೋಚವಿಲ್ಲದೆ ಏರಬಹುದು. 230 ಕಿಲೋದ ಚಿಕ್ಕ ತಟ್ಟುವಾದರೆ ಐದನೆಯ ಪಾಲು 46 ಕಿಲೋ. ಅದು ಶಾಲೆಯ ಹುಡುಗನಿಗೆ ಸರಿ. ಪೋನಿ ಬೊಜ್ಜಿನಿಂದ ತೂಗುತ್ತಿದ್ದರೆ ಆ ತೂಕವನ್ನು ಲೆಕ್ಕಕ್ಕೆ ಹಿಡಿಯಲಾಗದು. ಬೊಜ್ಜೇ ಅದರ ಮೇಲಿನ ಮೊದಲನೆಯ ಸವಾರ, ನಾವು ಎರಡನೆಯವರು.

ಸ್ಕಾಟ್ಲೆಂಡಿನ ಹೈಲೆಂಡ್ ಪೋನಿ ಈ ಮಾತಿಗೆ ಜೀವಂತ ಸಾಕ್ಷಿ. ಅದರ ಎತ್ತರವೂ 14 ಕೈ 2 ಅಂಗುಲವನ್ನು ಮೀರುವುದಿಲ್ಲ. ಬೇಟೆಯಾದ ಗಂಡುಜಿಂಕೆಯನ್ನು ದಾರಿಯಿಲ್ಲದ ಬೆಟ್ಟದಿಂದ ಕೆಳಗಿಳಿಸುವುದು ಅದರ ಹಳೆಯ ಕೆಲಸ. ಜೀವವಿರುವ ಸವಾರನು ಇಳಿಜಾರಿನಲ್ಲಿ ಮೈ ಸಡಿಲಿಸಿ ಕುದುರೆಗೆ ನೆರವಾಗುತ್ತಾನೆ; ಸತ್ತ ಜಿಂಕೆ ಹಾಗಲ್ಲ, ಬರಿಯ ಭಾರ. ವೇಲ್ಸಿನ ಕಾಬ್ ಎಂಬುದು ಇನ್ನೊಂದು ಪ್ರಸಿದ್ಧ ತಳಿ. 1902ರಲ್ಲಿ ಆರಂಭವಾದ ಅಲ್ಲಿನ ವಂಶಾವಳಿಯಲ್ಲಿ ಇಂದು ನಾಲ್ಕು ವರ್ಗಗಳಿವೆ. ಮೊದಲ ಮೂರಕ್ಕೆ ಎತ್ತರದ ಮಿತಿಯುಂಟು; ನಾಲ್ಕನೆಯದಾದ ಕಾಬ್‌ಗೆ 13 ಕೈ 2 ಅಂಗುಲ ಮೀರಿರಬೇಕೆಂಬ ನಿಯಮವುಂಟೇ ಹೊರತು ಮೇಲಿನ ಮಿತಿಯಿಲ್ಲ. ಉತ್ತರ ಇಂಗ್ಲೆಂಡಿನ ಫೆಲ್ ಪೋನಿಯ ಮಿತಿ 14 ಕೈ. ಅದರ ನೆರೆಯ ಡೇಲ್ಸ್ ಪೋನಿಗೆ ಎರಡು ಅಂಗುಲ ಹೆಚ್ಚು.

ಫೆಲ್ ಪೋನಿಗೆ ಸಿಕ್ಕ ದೊಡ್ಡ ಸವಾರರಲ್ಲಿ ಎಲಿಜಬೆತ್ ರಾಣಿಯೊಬ್ಬರು. ಜಗತ್ತಿನ ಅತ್ಯುತ್ತಮ ಪಂದ್ಯದ ಕುದುರೆಗಳನ್ನು ಸಾಕುತ್ತಿದ್ದ ಆಕೆ, ಮುಪ್ಪಿನಲ್ಲಿ ತಮ್ಮ ಸವಾರಿಗೆ ಆರಿಸಿಕೊಂಡದ್ದು ಪೋನಿಯನ್ನು. 2020ರ ಮೇ ತಿಂಗಳಲ್ಲಿ, 94ನೆಯ ವಯಸ್ಸಿನಲ್ಲಿ, ವಿಂಡ್ಸರ್ ಉದ್ಯಾನದಲ್ಲಿ ಫರ್ನ್ ಎಂಬ ಫೆಲ್ ಪೋನಿಯನ್ನೇರಿದ ಆಕೆಯ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. 2022ರ ಸೆಪ್ಟೆಂಬರಿನಲ್ಲಿ ಆಕೆಯ ಅಂತಿಮ ಯಾತ್ರೆ ವಿಂಡ್ಸರಿಗೆ ಬಂದಾಗ, ಹಾದಿಯ ಬದಿಯಲ್ಲಿ ಎಮ್ಮಾ ಎಂಬ ಕರಿಯ ಫೆಲ್ ಪೋನಿ ಬರಿದಾದ ಜೀನನ್ನು ಹೊತ್ತು ನಿಂತಿತ್ತು. ವಯಸ್ಸಾದ ಮೇಲೆ ಬೀಳುವ ದೂರ ಕಡಿಮೆಯಿರಬೇಕು, ಏರುವ ಶ್ರಮ ಕಡಿಮೆಯಿರಬೇಕು, ಕೆಳಗಿನ ಪ್ರಾಣಿಗೆ ಬುದ್ಧಿ ಹೆಚ್ಚಿರಬೇಕು. ಈ ಮೂರೂ ಪೋನಿಯಲ್ಲಿ ಒಟ್ಟಿಗೆ ದೊರೆಯುತ್ತವೆ.

ಇನ್ನು ಆರಿಸುವ ಕ್ರಮ. ನಮ್ಮ ಹಿರಿಯರಿಗೆ ಇದು ಅಪರಿಚಿತ ವಿದ್ಯೆಯೇನೂ ಅಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಸಂಸ್ಕೃತದಲ್ಲಿ ಅಶ್ವಶಾಸ್ತ್ರವಿದೆ. ಕನ್ನಡದಲ್ಲಿಯೂ ಅಭಿನವಚಂದ್ರನು ಕುದುರೆಗಳ ವಿಷಯವಾಗಿ ಗ್ರಂಥವನ್ನು ರಚಿಸಿದ್ದಾನೆ. ಹಳಬರು ಕುದುರೆಯ ಮೈಮೇಲಿನ ಸುಳಿಗಳನ್ನು ಹುಡುಕಿ, ಇದು ಒಡೆಯನಿಗೆ ಲಾಭ, ಇದು ಹಾನಿ ಎಂದು ನಿರ್ಣಯಿಸುತ್ತಿದ್ದರು. ಸುಳಿಯ ಫಲವನ್ನು ನಂಬಬೇಕಿಲ್ಲ. ಆದರೆ ಸುಳಿ ಹುಡುಕುವ ನೆಪದಲ್ಲಾದರೂ ಪ್ರಾಣಿಯ ಮೈಯನ್ನು ಮೂಗಿನಿಂದ ಬಾಲದವರೆಗೆ ತಡವಿ ನೋಡುತ್ತಿದ್ದರಲ್ಲ, ಆ ಅಭ್ಯಾಸ ಒಳ್ಳೆಯದು. ಇಂದಿನವರು ಬಣ್ಣವನ್ನು ದೂರದಿಂದ ನೋಡಿ ಮರುಳಾಗುವುದೇ ಹೆಚ್ಚು.

ಬಲ್ಲವರು ಕೆಳಗಿನಿಂದ ಮೇಲಕ್ಕೆ ನೋಡುತ್ತಾರೆ. ಮೊದಲು ಗೊರಸು: ನಾಲ್ಕೂ ಸಮವಾಗಿ, ಬಿರುಕಿಲ್ಲದೆ ಇರಬೇಕು. ಆಮೇಲೆ ಮೊಣಕಾಲ ಕೆಳಗಿನ ಮೂಳೆಯ ಸುತ್ತಳತೆ. ಕನಮಾರಾ ತಳಿಗೆ ಇದು 18ರಿಂದ 21 ಸೆಂಟಿಮೀಟರ್ ಇರಬೇಕೆಂಬ ನಿರ್ದೇಶವುಂಟು. ಆಮೇಲೆ ಬೆನ್ನು ಮತ್ತು ಸೊಂಟ. ಉದ್ದನೆಯ ಬೆನ್ನು ತೊಲೆ ಬಾಗಿದ ಮಾಳಿಗೆಯಂತೆ, ಭಾರ ಬಿದ್ದಂತೆ ಕುಸಿಯುತ್ತದೆ. ಆಮೇಲೆ ಎದೆಗೂಡಿನ ಆಳ. ಉದ್ದ ಕಾಲಿನ ಸವಾರನಿಗೆ ಇದು ಬಹು ಮುಖ್ಯ. ಆಳವಾದ ಪಕ್ಕೆಗಳು ಕಾಲನ್ನು ತುಂಬಿಕೊಳ್ಳುತ್ತವೆ. ಹಿಂಬಡ ಹೊಟ್ಟೆಯ ಕೆಳಗೆ ತೂಗಾಡುವುದಿಲ್ಲ. ಒಂದೇ ಎತ್ತರದ ಎರಡು ಪೋನಿಗಳಲ್ಲಿ ಒಂದು ಆರಡಿಯ ಮನುಷ್ಯನಿಗೆ ಒಪ್ಪುವುದಕ್ಕೂ ಇನ್ನೊಂದು ನಗೆಗೀಡು ಮಾಡುವುದಕ್ಕೂ ಕಾರಣ ಇದೇ.

ಕೊನೆಗೆ ಸ್ವಭಾವ. ಇದನ್ನು ಜೀನು ಹಾಕಿ ಸಿದ್ಧಪಡಿಸಿ ನಿಲ್ಲಿಸಿದ ಕುದುರೆಯಲ್ಲಿ ಕಾಣಲಾಗದು. ಹುಲ್ಲುಗಾವಲಿನಿಂದ ಹಿಡಿದು ತರುವಾಗ ನೋಡಬೇಕು. ಕಾಲೆತ್ತಿಸುವಾಗ, ಒಂಟಿಯಾಗಿ ಮನೆಯಿಂದ ಹೊರಡುವಾಗ, ದಾರಿಯಲ್ಲಿ ಲಾರಿ ಎದುರಾದಾಗ ನೋಡಬೇಕು. ಮಾರುವವನು ಮೊದಲು ಏರಿ ತೋರಿಸಲಿ. ಅವನೇ ಏರಲು ಹಿಂಜರಿದರೆ ಮುಂದಿನ ಮಾತು ಬೇಡ. ವಯಸ್ಸನ್ನು ಹಲ್ಲು ನೋಡಿ, ಕಾಗದ ನೋಡಿ ತಿಳಿಯಬೇಕು. ನಾಲ್ಕು ವರ್ಷಕ್ಕೆ ಮೊದಲು ಭಾರ ಹೇರಿದ ಪೋನಿಯನ್ನು ಕೊಳ್ಳದಿರುವುದು ಲೇಸು. ಪೋನಿ ಬೇಗ ಬೆಳೆದಂತೆ ಕಂಡರೂ ಬೆನ್ನುಮೂಳೆ ಬಲಿಯುವುದು ಐದಾರನೆಯ ವರ್ಷಕ್ಕೆ. ಎಳೆಯ ಹೆಗಲಿನ ಮೇಲೆ ಸಂಸಾರ ಬಿದ್ದ ಹುಡುಗನು ಬೇಗ ಮುದುಕನಾಗುವುದನ್ನು ನಾವು ಮನುಷ್ಯರಲ್ಲಿಯೂ ಕಂಡಿದ್ದೇವೆ.

ಈಗ ತಳಿಯ ಮಾತು. ದೊಡ್ಡ ಮರಿ ಬೇಕಾದರೆ ದೊಡ್ಡ ಗಂಡನ್ನು ತಂದರಾಯಿತು ಎಂದು ಅನೇಕರು ತಿಳಿಯುತ್ತಾರೆ. ಕೇಂಬ್ರಿಜ್‌ನ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು 1938ರಲ್ಲಿ ಪ್ರಕಟಿಸಿದ ಪ್ರಯೋಗ ಈ ತಿಳಿವಳಿಕೆಯನ್ನು ತಿದ್ದಿತು. ಅವರು ಭಾರಿ ಗಾತ್ರದ ಶೈರ್ ಕುದುರೆಯನ್ನೂ ಅತಿ ಚಿಕ್ಕದಾದ ಶೆಟ್‌ಲೆಂಡ್ ಪೋನಿಯನ್ನೂ ಕೃತಕ ಗರ್ಭಧಾರಣೆಯಿಂದ ಕೂಡಿಸಿದರು. ಒಮ್ಮೆ ತಾಯಿ ಶೈರ್, ಇನ್ನೊಮ್ಮೆ ತಾಯಿ ಶೆಟ್‌ಲೆಂಡ್. ಎರಡರಲ್ಲಿಯೂ ರಕ್ತ ಅರ್ಧರ್ಧವೇ. ಆದರೂ ಶೈರ್ ತಾಯಿಯ ಮರಿ ಹುಟ್ಟುವಾಗ ಇನ್ನೊಂದರ ಸುಮಾರು ಮೂರರಷ್ಟು ದೊಡ್ಡದಾಗಿತ್ತು. ಶೆಟ್‌ಲೆಂಡ್ ತಾಯಿ ತನ್ನ ಗರ್ಭಕ್ಕೆ ತಕ್ಕಷ್ಟೇ ದೊಡ್ಡ ಮರಿಯನ್ನು ಹೆತ್ತಿತು. ಬೆಳೆದ ಮೇಲೆಯೂ ಅಂತರ ಪೂರ್ತಿ ಅಳಿಯಲಿಲ್ಲ. ಆದುದರಿಂದ ಬಲ್ಲ ಸಾಕಣೆಗಾರರು ತಾಯಿಯನ್ನು ಮೊದಲು ನೋಡುತ್ತಾರೆ. ಹನ್ನೊಂದು ತಿಂಗಳು ಹೊಟ್ಟೆಯಲ್ಲಿ, ಮತ್ತೆ ಐದಾರು ತಿಂಗಳು ಮೊಲೆಯಲ್ಲಿ ಮರಿಯನ್ನು ಕಟ್ಟುವವಳು ಆಕೆ. ಬುದ್ಧಿಯನ್ನೂ ಭಯವನ್ನೂ ಮರಿ ಕಲಿಯುವುದು ಆಕೆಯ ಪಕ್ಕದಲ್ಲಿಯೇ.

ಎತ್ತರಕ್ಕೆ ಇನ್ನೊಂದು ಅಡ್ಡದಾರಿಯುಂಟು; ಅದು ಮೇವು. ಕಲ್ಲುಸೀಮೆಯಲ್ಲಿ 13 ಕೈ ಬೆಳೆಯಬೇಕಾದ ಮರಿ ಸೊಂಪಾದ ಹುಲ್ಲುಗಾವಲಿನಲ್ಲಿ ಧಾನ್ಯ ತಿಂದು ಬೆಳೆದರೆ 14 ಕೈ ಮೀರಬಹುದು. ಸಂತೆಯಲ್ಲಿ ಬೆಲೆ ಬರುತ್ತದೆ. ಆದರೆ ಬಡ ಹುಲ್ಲಿಗಾಗಿ ರೂಪುಗೊಂಡ ಮೈಗೆ ಸಿರಿಯ ಹುಲ್ಲು ವಿಷವಾಗುತ್ತದೆ. ಲ್ಯಾಮಿನೈಟಿಸ್ ಎಂಬ ರೋಗದಲ್ಲಿ ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರಗಳು ಉರಿಗೊಂಡು ಬಿಟ್ಟುಕೊಳ್ಳುತ್ತವೆ. ಪ್ರಾಣಿ ನಿಲ್ಲಲಾರದೆ ನರಳುತ್ತದೆ; ಎಷ್ಟೋ ವೇಳೆ ಅದನ್ನು ಕೊಲ್ಲುವುದೇ ದಯೆಯೆನಿಸುತ್ತದೆ. ಪೋನಿಯನ್ನು ಹಸಿವಿನಿಂದ ಕೊಂದವರಿಗಿಂತ ಪ್ರೀತಿಯಿಂದ ತಿನ್ನಿಸಿ ಕೆಡಿಸಿದವರು ಇಂದು ಕಡಿಮೆಯೇನಲ್ಲ.

ಗೊರಸಿನದೇ ಇನ್ನೊಂದು ದುಃಖ ಕನಮಾರಾ ತಳಿಯನ್ನು ಒಳಗಿನಿಂದ ಕಾಡಿದೆ. ಕೆಲವು ಮರಿಗಳಲ್ಲಿ ಹುಟ್ಟಿದ ಕೆಲವೇ ತಿಂಗಳಿಗೆ ಗೊರಸಿನ ಗೋಡೆ ಚಕ್ಕೆ ಚಕ್ಕೆಯಾಗಿ ಸೀಳಿ, ಕಳಚಿ ಬರುತ್ತದೆ. ಅಂಚು ಇಲ್ಲವಾಗಿ ಅಂಗಾಲಿನ ಮೇಲೆಯೇ ಭಾರವೆಲ್ಲ ಬೀಳುತ್ತದೆ. ಇದಕ್ಕೆ ಚಿಕಿತ್ಸೆಯಿಲ್ಲ. ಬಹುಕಾಲ ಇದನ್ನು ಕೆಟ್ಟ ಲಾಳಗಾರಿಕೆಯೆಂದೋ ತೇವದ ನೆಲವೆಂದೋ ಹೇಳಿ ಮುಚ್ಚಿಡುವುದು ಸುಲಭವಾಗಿತ್ತು. 2015ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ವಿಶ್ವವಿದ್ಯಾನಿಲಯದ ಸಂಶೋಧಕರು ಇದರ ಮೂಲದಲ್ಲಿ ಒಂದು ವಂಶವಾಹಿಯ ದೋಷವಿದೆಯೆಂದು ಪ್ರಕಟಿಸಿದರು. ತಾಯಿ ತಂದೆಯರಿಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ರೋಗ; ಒಂದೇ ಪ್ರತಿ ಬಂದರೆ ಪೋನಿ ಸಂಪೂರ್ಣ ಆರೋಗ್ಯವಾಗಿರುತ್ತದೆ, ಆದರೆ ದೋಷವನ್ನು ಹೊತ್ತಿರುತ್ತದೆ.

ಇಂತಹ ಎರಡು ವಾಹಕಗಳು ಕೂಡಿದರೆ ಪ್ರತಿಯೊಂದು ಮರಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಅಪಾಯ. ವಾಹಕವೂ ದೋಷರಹಿತವೂ ಕೂಡಿದರೆ ಯಾವ ಮರಿಗೂ ರೋಗವಿಲ್ಲ. ಕೆಲವು ಕೂದಲುಗಳ ಬೇರಿನಿಂದಲೇ ಇದನ್ನು ಪರೀಕ್ಷಿಸಬಹುದು. ಹಾಗಾದರೆ ವಾಹಕಗಳನ್ನೆಲ್ಲ ತಳಿಯಿಂದ ಹೊರಹಾಕಬಾರದೇಕೆ? ಇಲ್ಲಿಯೇ ಕಠಿಣವಾದ ನಿರ್ಣಯವಿರುವುದು. ಚಿಕ್ಕ ತಳಿಯೊಂದರಿಂದ ಒಳ್ಳೆಯ ಹೆಣ್ಣುಗಳನ್ನು ಒಮ್ಮೆಗೇ ತೆಗೆದುಹಾಕಿದರೆ ಉಳಿದವುಗಳಲ್ಲಿ ರಕ್ತ ಇನ್ನೂ ಹತ್ತಿರವಾಗಿ, ಬಚ್ಚಿಟ್ಟುಕೊಂಡ ಇನ್ನೊಂದು ದೋಷ ತಲೆಯೆತ್ತುತ್ತದೆ. ವಾಹಕಗಳನ್ನು ಉಳಿಸಿಕೊಂಡರೆ ಪ್ರತಿಯೊಬ್ಬ ಸಾಕಣೆಗಾರನೂ ಪ್ರತಿ ಬಾರಿಯೂ ಪ್ರಾಮಾಣಿಕನಾಗಿರಬೇಕು. ತನ್ನ ಲಾಯದ ಪ್ರಶಸ್ತಿ ಪಡೆದ ಗಂಡುಕುದುರೆ ವಾಹಕವೆಂದು ಬಾಯಿಬಿಟ್ಟು ಹೇಳಬೇಕು. ಬಂದ ಗಿರಾಕಿಯ ಹೆಣ್ಣೂ ವಾಹಕವಾಗಿದ್ದರೆ ಹಣವನ್ನು ಹಿಂದಿರುಗಿಸಿ ಕಳುಹಿಸಬೇಕು.

ಫೆಲ್ ಮತ್ತು ಡೇಲ್ಸ್ ತಳಿಗಳಿಗೂ ಇಂತಹುದೇ ಸಂಕಟ ಬಂದಿತ್ತು. ಅಲ್ಲಿ ರೋಗನಿರೋಧ ಶಕ್ತಿಯಿಲ್ಲದ ಮರಿಗಳು ಹುಟ್ಟಿ ಮೂರು ತಿಂಗಳೊಳಗಾಗಿ ಸಾಯುತ್ತಿದ್ದವು. 2010ರಲ್ಲಿ ಪರೀಕ್ಷೆ ದೊರೆತ ಮೇಲೆ, ವಾಹಕಗಳನ್ನು ಬಿಸಾಡದೆ, ಆದರೆ ಒಂದರೊಡನೊಂದು ಕೂಡಿಸದೆ ನಡೆಯುವ ಮಾರ್ಗ ತೆರೆಯಿತು. ಪರೀಕ್ಷೆಯ ಕಾಗದ ಒಂದು ಸಂಗತಿಯನ್ನು ತಿಳಿಸುತ್ತದೆ, ಅಷ್ಟೆ. ಮರಿಯನ್ನು ಉಳಿಸುವುದು ಆ ಕಾಗದವನ್ನು ಪೆಟ್ಟಿಗೆಯಲ್ಲಿ ಬಚ್ಚಿಡದೆ ನೆರೆಯವನಿಗೆ ತೋರಿಸುವ ಮನುಷ್ಯನು. ಸಂಬಂಧ ಕುದುರಿಸುವಾಗ ಮನೆತನದ ರೋಗವನ್ನು ಮುಚ್ಚಿಡುವ ನಮ್ಮ ಕೆಲವು ಹಿರಿಯರಿಗೂ ಈ ಮಾತು ಅನ್ವಯಿಸೀತು.

ನಮ್ಮ ದೇಶದಲ್ಲಿ ಈ ಮಾತುಗಳನ್ನು ಯಾರಿಗೆ ಹೇಳಬೇಕೆಂದರೆ ಕಣ್ಣು ಮಣಿಪುರದ ಕಡೆ ತಿರುಗುತ್ತದೆ. ಬ್ರಿಟಿಷರು ಪೋಲೋ ಆಟವನ್ನು ಕಲಿತದ್ದು ಮಣಿಪುರಿಗಳಿಂದ. 1859ರಲ್ಲಿ ಸಿಲ್ಚಾರಿನಲ್ಲಿ ಅವರ ಮೊದಲ ಸಂಘ ಹುಟ್ಟಿತು. ಆ ಆಟದ ಕುದುರೆ ಮಣಿಪುರಿ ಪೋನಿ. ಕನಮಾರಾಕ್ಕಿಂತಲೂ ಚಿಕ್ಕದು, ಆದರೂ ಬೆಳೆದ ಗಂಡಸರೂ ಹೆಂಗಸರೂ ಅದರ ಮೇಲೆಯೇ ಇಂದಿಗೂ ಆಡುತ್ತಾರೆ. ಜಾನುವಾರು ಗಣತಿಯಲ್ಲಿ ಅದರ ಸಂಖ್ಯೆ 2003ರಲ್ಲಿ 1,898 ಇದ್ದದ್ದು 2012ರಲ್ಲಿ 1,101 ಆಯಿತು, 2019ರಲ್ಲಿ 1,089. ಅದು ಮೇಯುತ್ತಿದ್ದ ಜೌಗುಬಯಲುಗಳ ಮೇಲೆ ಊರು ಹಬ್ಬಿದೆ. ಲೋಕಕ್ಕೆಲ್ಲ ಆಟವನ್ನು ಕೊಟ್ಟ ಪೋನಿಗೆ ಈಗ ನಿಲ್ಲಲು ನೆಲವಿಲ್ಲ. ಕನಮಾರಾದ ಬಡರೈತರು 1923ರಲ್ಲಿ ಒಂದೆಡೆ ಕುಳಿತು ಮಾಡಿದ ಕೆಲಸವನ್ನು ಇಲ್ಲಿ ಮಾಡಲು ಇನ್ನೂ ಕಾಲ ಮಿಂಚಿಲ್ಲ. ಸಾವಿರ ಎಂಬುದು ಚಿಕ್ಕ ಸಂಖ್ಯೆ, ಆದರೆ ಸೊನ್ನೆಯಲ್ಲ.

ಓದುಗರಲ್ಲಿ ಬಹುಮಂದಿ ಪೋನಿಯನ್ನು ಕೊಳ್ಳಲಾರರು, ಸಾಕಲಾರರು. ಆದರೆ ಬೇಸಗೆಯ ರಜೆಯಲ್ಲಿ ಮಕ್ಕಳೊಡನೆ ಗಿರಿಧಾಮಕ್ಕೆ ಹೋದಾಗ ಕುದುರೆಯವನು ಬಂದು ನಿಂತೇ ನಿಲ್ಲುತ್ತಾನೆ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಗೆ ಸಾಕ್ಷಿಯಾಗಿ ನಾವೂ ಏರಲು ಹವಣಿಸುತ್ತೇವೆ. ಆಗ ಒಂದು ನಿಮಿಷ ನಿಂತು ನೋಡಿ. ಪೋನಿಯ ಕಾಲು ದಪ್ಪವಿದೆಯೆ, ಸೊಂಟ ಅಗಲವಿದೆಯೆ, ಗೊರಸು ಒಡೆದಿದೆಯೆ? ಜೀನನ್ನು ಸ್ವಲ್ಪ ಎತ್ತಿಸಿ ಬೆನ್ನಿನ ಮೇಲೆ ಹುಣ್ಣಿದೆಯೆ ಎಂದು ನೋಡಿ. ನಿಮ್ಮ ತೂಕವನ್ನು ಐದರಿಂದ ಗುಣಿಸಿ. ಎದುರಿಗಿರುವ ಪ್ರಾಣಿ ಅಷ್ಟು ತೂಗದೆಂದು ತೋರಿದರೆ ಮಗುವನ್ನು ಕೂರಿಸಿ, ನೀವು ಪಕ್ಕದಲ್ಲಿ ನಡೆಯಿರಿ. ಕುದುರೆಯವನಿಗೆ ಕೊಡಬೇಕಾದ ಹಣವನ್ನು ಮಾತ್ರ ಇಬ್ಬರ ಲೆಕ್ಕಕ್ಕೇ ಕೊಡಿ. ಅವನ ಮನೆಯೂ ಅದೇ ಬೆನ್ನಿನ ಮೇಲೆ ನಿಂತಿದೆ.